ಜೆಬಮಾಲೈ ಕೇಳಿದ ಜಾಗ

ಮೈದುನ ಸಂದಿಯಾಗು ಶವಗಾಡಿಯ ಹಿಡಿಯನ್ನು ಬಿಡಲಿಲ್ಲ. ಗಾಡಿ ಸ್ಮಶಾನದ ಬಾಗಿಲಲ್ಲಿ ಅಡ್ಡವಾಗಿ ನಿಂತಿತ್ತು. ಪೆಟ್ಟಿಗೆಯಲ್ಲಿ ಅವನ ಅತ್ತಿಗೆ ಜೆಬಮಾಲೈ ಮಲಗಿದ್ದಳು.

"ಅಣ್ಣನ ಪಕ್ಕದಲ್ಲೇ ಗುಂಡಿ ತೋಡಿಸಿದೀನಿ. ಗಾಡಿ ಅಲ್ಲಿಗೇ ಹೋಗೋದು," ಅಂದ.

"ಅಮ್ಮ ಕೇಳಿದ್ದು ಅಲ್ಲಲ್ಲ ಚಿಕ್ಕಪ್ಪ, ಗೋಡೆಯಾಚೆ," ಅಂದಳು ಮಗಳು ಅಡೈಕ್ಕಲಂ.

ತೊಡೆಯೆತ್ತರದ ಆ ಗೋಡೆ ಸ್ಮಶಾನವನ್ನು ಸೀಳಿತ್ತು. ಈಚೆ ಮೇಲಿನ ಬೀದಿಯವರು, ಆಚೆ ದಲಿತ ಕಾಲೋನಿಯವರು. ಎಲ್ಲರೂ ಒಂದೇ ಇಗರ್ಜಿಯವರೇ.

"ಜ್ವರದಲ್ಲಿ ಏನೋ ಬಡಬಡಿಸಿರ್ತಾಳೆ."

"ಜ್ವರ ಬಂದಿದ್ದು ಹೋದ ವಾರ. ಇದನ್ನ ಹೇಳ್ತಿದ್ದದ್ದು ನಾನು ಲಂಗ ಹಾಕ್ತಿದ್ದಾಗಿಂದ."

ಗುಂಪಿನಲ್ಲಿ ಯಾರೋ ನಗು ಬಂದು ಕೆಮ್ಮಿದರು.

*

ಜೆಬಮಾಲೈ ಹೆಚ್ಚು ಮಾತಿನವಳಲ್ಲ. ಮೇಕೆ ಸಾಕುತ್ತಿದ್ದಳು, ನಲ್ಲಿಯ ಹತ್ತಿರ ಸರದಿ ತಪ್ಪಿಸಿದವರ ಕೊಡ ಒದೆಯುತ್ತಿದ್ದಳು. ಶುಭ ಶುಕ್ರವಾರ ಶಿಲುಬೆಯ ಪಾದಕ್ಕೆ ಮುತ್ತಿಡಲು ಮೊದಲು ಮೇಲಿನ ಬೀದಿಯವರ ಸಾಲು, ಅದು ಮುಗಿದ ಮೇಲೆ ಕಾಲೋನಿಯವರದು. ಒಂದು ವರ್ಷ ಅವಳು ತನ್ನ ಸಾಲು ಬಿಟ್ಟು ಹೋಗಿ ಕಾಲೋನಿಯ ಕೊನೆಯ ಮುದುಕಿಯ ಹಿಂದೆ ನಿಂತಳು.

"ಅವರೆಲ್ಲ ಬಾಯಿಟ್ಟ ಮೇಲೆ ಮುತ್ತಿಟ್ಟೆಯಲ್ಲ, ಅಸಹ್ಯ ಆಗ್ಲಿಲ್ವಾ?" ಎಂದು ಗಂಡ ಮನೆಯಲ್ಲಿ ಕೂಗಾಡಿದ.

"ಅವರು ಮುತ್ತಿಟ್ಟಾಗ ಶಿಲುಬೆ ಮೇಲಿದ್ದಾತ ಕಾಲು ಎಳ್ಕೊಂಡ್ನಾ? ಇಲ್ವಲ್ಲ."

ಗಂಡ ಅವಳ ಕೈಯಿಂದ ಅನ್ನ ಬಡಿಸಿಕೊಳ್ಳುವುದನ್ನು ಬಿಟ್ಟ. ನಾದಿನಿ ಮದಲೈ ಮನೆಗೆ ಬರುವುದನ್ನೇ ನಿಲ್ಲಿಸಿದಳು. ಮುಂದಿನ ಭಾನುವಾರದಿಂದ ಜೆಬಮಾಲೈ ಇಗರ್ಜಿಯಲ್ಲಿ ಕಾಲೋನಿಯವರ ಕಡೆಯೇ ಕೂತಳು. ಅವರೂ ಹೆದರಿ ಸರಿದು ಕೂತರು. ಎಷ್ಟೋ ಭಾನುವಾರ ಅವಳ ಸುತ್ತ ಚಾಪೆ ಖಾಲಿಯಿತ್ತು. ಕೊನೆಗೊಮ್ಮೆ ಹಾಡಲು ಏಳಬೇಕಿದ್ದ ಹೆಂಗಸೊಬ್ಬಳು, ಬೇರೆ ಯಾರೂ ಕೈಗೆಟುಕದೆ, ಕೂಸನ್ನು ಅವಳ ಮಡಿಲಿಗೆ ಹಾಕಿದಳು.

*

ಕಾಲೋನಿಯ ಹಿರಿಯ ಇನ್ನಾಸಿ ಅಡೈಕ್ಕಲಂ ಹತ್ತಿರ ಬಂದು ದನಿ ತಗ್ಗಿಸಿದ.

"ಮಗಳೇ, ನಾಳೆ ನೀನು ಗಂಡನೂರಿಗೆ ಬಸ್ಸು ಹತ್ತುತ್ತೀಯ. ನಮ್ಮ ಹುಡುಗರು ಇವರ ಬೀದೀಲೇ ಓಡಾಡ್ಬೇಕು. ನಮ್ಮನ್ನ ಬಿಟ್ಬಿಡು."

"ಹಾಗಾದ್ರೆ ನೀವು ತೋಡ್ಬೇಡಿ ಮಾಮ. ಹಾರೆ ಕೊಡಿ ಸಾಕು."

ಅಡೈಕ್ಕಲಂ ಸೆರಗು ಸಿಕ್ಕಿಸಿ ಗೋಡೆಯಾಚೆ ಹೋಗಿ ತೋಡತೊಡಗಿದಳು. ನೆಲ ಕಲ್ಲಿನಂತಿತ್ತು. ಅಂಗೈಗಳು ಬೊಬ್ಬೆಯೆದ್ದು ಒಡೆದವು. ಇನ್ನಾಸಿ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಂಗಿ ಕಳಚಿದ.

"ಹೀಗೆ ತೋಡಿದ್ರೆ ನಿಮ್ಮಮ್ಮ ಮುಂದಿನ ಪಾಸ್ಕ ಹಬ್ಬಕ್ಕೆ ಮಣ್ಣು ಸೇರ್ತಾಳೆ. ಜರುಗು."

ಅವನ ಹಿಂದೆ ಇನ್ನಷ್ಟು ಜನ ಇಳಿದರು. ಗುಂಡಿ ಮುಗಿದಾಗ ಅವರೇ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟರು.

"ಈ ಕಡೆಯವರು ಒಬ್ಬರೂ ಆಚೆ ಹೋಗ್ಕೂಡ್ದು," ಅಂದ ಸಂದಿಯಾಗು, ಬರಿದಾದ ಗಾಡಿಯನ್ನು ಹಿಡಿದುಕೊಂಡೇ.

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಪಾದ್ರಿ ತೀರ್ಥದ ಪಾತ್ರೆ ಎತ್ತಿಕೊಂಡು ಪೆಟ್ಟಿಗೆಯ ಹಿಂದೆ ನಡೆದರು. ಮೇಲಿನ ಬೀದಿಯವರು ಗೋಡೆಯ ಈಚೆ ಸಾಲಾಗಿ ನಿಂತರು. ಜಪ ಮುಗಿದು ಮಣ್ಣು ಕೊಡುವ ಹೊತ್ತಿಗೆ ಅಲ್ಲಿಂದಲೇ ಒಂದಿಬ್ಬರು ಹಿಡಿಮಣ್ಣು ಎಸೆದರು. ಅದು ಗುಂಡಿಯವರೆಗೆ ಬರಲಿಲ್ಲ.

"ಬೀಳಲ್ಲ," ಅಂದಳು ಅಡೈಕ್ಕಲಂ ತಿರುಗದೆ. "ಬಂದು ಹಾಕಿ."

ಸಾಲಿನವರು ಸಂದಿಯಾಗುವಿನತ್ತ ನೋಡಿದರು. ಆಮೇಲೆ ನಾದಿನಿ ಮದಲೈ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು.

"ಅಕ್ಕಾ," ಅಂದ ಸಂದಿಯಾಗು.

"ಸುಮ್ನಿರೋ. ಅಷ್ಟು ದೂರ ಸುತ್ತಿ ಹೋಗೋಕೆ ನನ್ನ ಮಂಡಿ ಕೇಳಲ್ಲ. ಇನ್ನಾಸಿ, ಬಾ ಇಲ್ಲಿ, ಹೆಗಲು ಕೊಡು."

ಇನ್ನಾಸಿ ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು ಗೋಡೆಗೆ ಆತು ನಿಂತ. ಮುದುಕಿ ಎಡಗೈಯಿಂದ ಅವನ ಬರಿಯ ಹೆಗಲನ್ನು ಹಿಡಿದು, ಸೀರೆಯನ್ನು ಮೊಣಕಾಲಿಗೆ ಎತ್ತಿ, ಒಂದು ಕಾಲನ್ನು ಗೋಡೆಯಾಚೆ ಹಾಕಿದಳು. ಬಲಗೈಯ ಮುಷ್ಟಿಯನ್ನು, ಮಣ್ಣು ಉದುರದಂತೆ, ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು.