ಕಂಬಿ ಬಿಟ್ಟ ಹೊತ್ತು

"ಇನ್ನೊಂದೇ ಒಂದು ಸಲ ಹಾಗೇ ನಿಂತ್ಕೊಳ್ಳಿ, ಲೆನ್ಸಿಗೆ ಮಂಜು ಹಿಡಿದಿದೆ" ಎಂದು ಫೋಟೊ ತೆಗೆಯಲು ಬಂದಿದ್ದ ಅವಳು ಹೇಳಿದಾಗ, ಈಜುಕೊಳದ ಅಂಚಿನಲ್ಲಿ ಸಾಲಾಗಿ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

"ಬೇಗ ತೆಗಿಯಮ್ಮಾ, ಇಷ್ಟು ಹೊತ್ತು ಹೊಟ್ಟೆ ಒಳಗೆ ಎಳ್ಕೊಂಡಿರೋದು ನಮ್ಮ ಕೈಲಾಗಲ್ಲ" ಎಂದು ಸಾಲಿನ ಕೊನೆಯಲ್ಲಿದ್ದವಳು ಕೂಗಿದಳು. ನಗು ಟೈಲ್ಸ್ ಹಾಕಿದ ಗೋಡೆಗಳಿಗೆ ಬಡಿದು ದುಪ್ಪಟ್ಟಾಗಿ ವಾಪಸು ಬಂತು.

ಲೆನ್ಸಿಗೆ ಮಂಜು ಹಿಡಿದಿರಲಿಲ್ಲ. ಬಿಸಿನೀರಿನ ಕೊಳ ಎಂದು ಗೊತ್ತಿದ್ದ ಅವಳು, ಬಂದ ಕೂಡಲೇ ಕ್ಯಾಮೆರಾವನ್ನು ಚೀಲದಿಂದ ಹೊರಗಿಟ್ಟು, ಅಲ್ಲಿನ ಸೆಕೆಗೆ ಅದು ಒಗ್ಗಿಕೊಳ್ಳುವವರೆಗೆ ಕಾದಿದ್ದಳು. ಕೆಟ್ಟಿದ್ದದ್ದು ಅವಳ ಬಲಗಣ್ಣು. ಚಳಿಗಾಲದ ಒಂದು ಬೆಳಿಗ್ಗೆ ಎದ್ದಾಗ ಅದರ ನಡುವೆ ಬೂದು ಬಣ್ಣದ ಕಲೆಯೊಂದು ಬಂದು ಕೂತಿತ್ತು. ಎದುರಿದ್ದವರನ್ನು ಆ ಕಣ್ಣಿನಿಂದ ನೋಡಿದರೆ ಕಿವಿ ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ. ಇನ್ನು ಹೆಚ್ಚದಂತೆ ತಡೆಯಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಅದಕ್ಯಾಕೆ ಹೀಗೆ ಮುಖ ಸಣ್ಣ ಮಾಡ್ಕೊಂಡಿದ್ದೀಯ? ಇನ್ನೊಂದು ಕಣ್ಣಿದೆಯಲ್ಲೇ" ಎಂದಿದ್ದಳು ಬಟ್ಟೆ ಹೊಲಿಯುವ ಅಕ್ಕ. "ನಾನು ಸೂಜಿಗೆ ದಾರ ಪೋಣಿಸೋವಾಗ ಒಂದೇ ಕಣ್ಣಲ್ಲಿ ನೋಡೋದು."

ಹೇಳಿದಷ್ಟು ಸುಲಭವಾಗಿರಲಿಲ್ಲ. ಎಡಗಣ್ಣಿಗೆ ಕ್ಯಾಮೆರಾ ಹಿಡಿದರೆ ಮೂಗು ಒತ್ತಿ ಹಿಂದಿನ ಪರದೆ ಜಿಡ್ಡಾಗುತ್ತಿತ್ತು, ಹೆಬ್ಬೆರಳು ಬಲಗಣ್ಣಿಗೆ ತಿವಿಯುತ್ತಿತ್ತು. ಪಾಸ್‌ಪೋರ್ಟ್ ಫೋಟೊಗಳನ್ನು ಹೇಗೋ ನಿಭಾಯಿಸಿದಳು. ಆದರೆ ಪೀಠೋಪಕರಣದ ಅಂಗಡಿಯವನು ಕ್ಯಾಟಲಾಗಿನ ಚಿತ್ರಗಳನ್ನು ವಾಪಸು ಕಳಿಸಿದ. "ಮೇಡಂ, ನಮ್ಮ ಸೋಫಾ ಬೆಟ್ಟದ ಮೇಲೆ ಇಟ್ಟ ಹಾಗಿದೆ, ಕೂತವರು ಜಾರಿಬಿಡ್ತಾರೆ."

ಅದನ್ನೂ ನಕ್ಕು ಮರೆಯಬಹುದಿತ್ತು. ಒಳಗೊಳಗೇ ಕೊರೆಯುತ್ತಿದ್ದದ್ದು ಬೇರೆ. ಅವಳಿಗೆ ಕೆಲಸ ಕಲಿಸಿದ ಸ್ಟುಡಿಯೊ ಮಾಸ್ತರರು ಒಂದು ಮಾತು ಹೇಳುತ್ತಿದ್ದರು: "ಮುಗೀತು ಅಂದ್ಬಿಡು. ಆಮೇಲೆ ಜನ ಅವರವರ ಮುಖಕ್ಕೆ ವಾಪಸ್ ಬರ್ತಾರೆ. ಅದನ್ನ ಹಿಡಿ." ಅಂದಿನಿಂದ ಅವಳು ಪ್ರತಿ ಕೆಲಸದ ಕೊನೆಗೂ "ಮುಗೀತು" ಎಂದು ಹೇಳಿ, ತನಗಾಗಿ ಒಂದು ಚಿತ್ರ ತೆಗೆದುಕೊಳ್ಳುತ್ತಿದ್ದಳು. ನಕ್ಕೂ ನಕ್ಕೂ ನೋಯುವ ದವಡೆಯನ್ನು ತಿಕ್ಕಿಕೊಳ್ಳುವ ಮದುಮಗ, ಶಾಲೆಯ ಗ್ರೂಪ್ ಫೋಟೊ ಮುಗಿದದ್ದೇ ಆಕಳಿಸಿದ ಹೆಡ್ಮಾಸ್ತರು. ಅಡುಗೆಮನೆಯ ಗೋಡೆ ತುಂಬ ಅಂಥವೇ. ಆದರೆ ಆ ಗಳಿಗೆ ಬರುವುದಕ್ಕೆ ಮೊದಲೇ ಅದರ ಸುಳಿವು ಹಿಡಿಯುತ್ತಿದ್ದದ್ದು ಬಲಗಣ್ಣು. ಎಡಗಣ್ಣು ಯಾವಾಗಲೂ ಒಂದು ಹೆಜ್ಜೆ ಹಿಂದೆ. ಕಣ್ಣು ಕೆಟ್ಟ ಮೇಲೆ ಗೋಡೆಗೆ ಒಂದೂ ಹೊಸ ಚಿತ್ರ ಸೇರಿರಲಿಲ್ಲ. ಈ ಕೆಲಸವೂ ಕೆಟ್ಟರೆ ಸ್ಟುಡಿಯೊಗೆ ಬೀಗ ಹಾಕಿ ಅಕ್ಕನ ಅಂಗಡಿಯಲ್ಲಿ ಅಳತೆ ಬರೆದುಕೊಳ್ಳಲು ಕೂರುತ್ತೇನೆ ಎಂದು ಅವಳು ಹೊರಡುವಾಗಲೇ ತೀರ್ಮಾನಿಸಿದ್ದಳು.

ಕೆಲಸವೇನೋ ಸಣ್ಣದು. ವಯಸ್ಸಾದ ಹೆಂಗಸರಿಗೆ ಈಜು ಕಲಿಸುವ ತರಗತಿಗೆ ಒಂದು ಪೋಸ್ಟರ್. ಕಲಿಸುವವಳು ಕಟ್ಟುನಿಟ್ಟಿನ ಹೆಂಗಸು. ಬಾಯಲ್ಲಿ ಸದಾ ಸೀಟಿ ಇರುತ್ತಿದ್ದುದರಿಂದ ಎಲ್ಲರೂ ಅವಳನ್ನು ಬೆನ್ನ ಹಿಂದೆ ಸೀಟಿಯಮ್ಮ ಎನ್ನುತ್ತಿದ್ದರು. ಅವಳು ನಕ್ಕದ್ದನ್ನು ಕಂಡವರಿಲ್ಲ.

ಗ್ರೂಪ್ ಫೋಟೊ ಹೇಗೋ ಮುಗಿಯಿತು. ಎಲ್ಲರೂ ನೀರಿಗಿಳಿದರು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತಳಾದ ಒಬ್ಬಳು ಮಾತ್ರ ಅಂಚಿನ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತೇ ಇದ್ದಳು.

"ಫೋಟೊ ತೆಗಿಯೋಳು ನೀನು, ಹಾಗ್ಯಾಕೆ ಕಣ್ಣು ಕಿವುಚ್ತೀಯ?" ಎಂದು ಆ ಕ್ಯಾಷಿಯರ್ ನೀರೊಳಗಿಂದಲೇ ಕೇಳಿದಳು.

ಯಾಕೋ ಏನೋ, ಅಕ್ಕನನ್ನು ಬಿಟ್ಟು ಬೇರಾರಿಗೂ ಹೇಳದಿದ್ದುದನ್ನು ಅವಳು ಈ ಅಪರಿಚಿತೆಗೆ ಹೇಳಿಬಿಟ್ಟಳು. "ಬಲಗಣ್ಣು ಹೋಗಿದೆ ಅಮ್ಮ. ಎಡಗಣ್ಣಿಗೆ ಇನ್ನೂ ಕೆಲಸ ಬರಲ್ಲ."

ಕ್ಯಾಷಿಯರ್ ಅಯ್ಯೋ ಪಾಪ ಎನ್ನಲಿಲ್ಲ. "ನಂದೂ ಅದೇ ಪಾಡು ಕಣಮ್ಮ. ನೀರಲ್ಲಿ ಮುಖ ಇಟ್ಟು ಉಸಿರು ಬಿಡು ಅಂತಾಳೆ ಇವಳು. ಹುಟ್ಟಿದಾಗಿನಿಂದ ಮೂಗು ಮೇಲಿಟ್ಕೊಂಡೇ ಬದುಕಿದೀನಿ."

"ಹೆದರಿಕೆ ಆಗಲ್ವಾ?"

"ಆಗ್ದೆ ಏನು? ಮನೇಲಿ ಒಬ್ಬಳೇ ಕೂತು ಹೆದರೋದಕ್ಕಿಂತ ಇಲ್ಲಿ ಹೆದರೋದು ವಾಸಿ. ನಗೋಕಾದ್ರೂ ಜನ ಇರ್ತಾರೆ."

ಅಷ್ಟರಲ್ಲಿ ಸೀಟಿ ಕೂಗಿತು. "ಮಾತು ಸಾಕು! ಮುಖ ಕೆಳಗೆ, ಕಾಲು ಒದೀರಿ, ಕಂಬಿ ಬಿಡಿ!"

ಕ್ಯಾಷಿಯರ್ ಒಂದು ಕೈ ಬಿಟ್ಟಳು, ಮತ್ತೆ ಹಿಡಿದಳು. ಏನೋ ಗೊಣಗಿಕೊಂಡಳು. ಆಮೇಲೆ, ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ, ಮುಖವನ್ನು ನೀರಿನಲ್ಲಿ ಮುಳುಗಿಸಿ, ಗೋಡೆಗೆ ಕಾಲು ಕೊಟ್ಟು ನೂಕಿಕೊಂಡೇಬಿಟ್ಟಳು.

ಅವಳು ಕ್ಯಾಮೆರಾ ಎತ್ತಿದಳು. ಮೂಗು ಒತ್ತಿತು, ಎಡಗಣ್ಣು ತಡವರಿಸಿತು. ನೀರು ಚಿಮ್ಮಿತು, ಯಾರೋ ಕಿರುಚಿದರು. ಅವಳು ಗುಂಡಿ ಒತ್ತಿದಾಗ ಕ್ಯಾಷಿಯರ್ ಆಗಲೇ ಚೌಕಟ್ಟು ದಾಟಿ ಹೋಗಿಯಾಗಿತ್ತು. ಮತ್ತೆ ತಡ. ಅವಳು ಕ್ಯಾಮೆರಾ ಇಳಿಸಿದಳು. ಕೊಳದ ನಡುವೆ ಕ್ಯಾಷಿಯರ್ ಕೆಮ್ಮುತ್ತಾ ಎದ್ದು ನಿಂತು, "ಬಂದೆ! ನಾನೇ ಬಂದೆ!" ಎಂದು ನೀರಿಗೆ ಬಡಿಯುತ್ತಿದ್ದಳು.

ಒಲ್ಲದ ಮನಸ್ಸಿನಿಂದ ಅವಳು ಪರದೆಯನ್ನು ನೋಡಿದಳು. ಒಂದು ಮೂಲೆಯಲ್ಲಿ ಹಿಮ್ಮಡಿ, ಸುತ್ತ ನೀರಹನಿಗಳು. ಕೊಳವೇ ಒಂದಿಷ್ಟು ಓರೆಯಾಗಿತ್ತು. ಹಿಂದೆ ಕಂಬಿಯ ಸಾಲಿನಲ್ಲಿ ಬಾಯಿ ತೆರೆದು ಕೂಗುವ ಹೆಂಗಸರು. ನಡುವೆ ಸೀಟಿಯಮ್ಮ. ಸೀಟಿ ಎದೆಯ ಮೇಲೆ ತೂಗಾಡುತ್ತಿತ್ತು, ಎರಡೂ ಕೈ ಕೆನ್ನೆಯ ಮೇಲಿದ್ದವು. ಬಹುಮಾನ ಬಂದ ಮಗುವಿನ ಹಾಗೆ ಅವಳ ಮುಖವೆಲ್ಲ ನಗುವಾಗಿತ್ತು, ಕಣ್ಣು ತುಂಬಿತ್ತು.

"ಎಲ್ಲಿ, ತೋರಿಸಿ" ಎಂದು ಸೀಟಿಯಮ್ಮ ಹತ್ತಿರ ಬಂದು ಬಗ್ಗಿದಳು. "ಇದನ್ನ ಹಾಕೋ ಹಾಗಿಲ್ಲ. ನನ್ನ ಬಾಯಿ ನೋಡಿ, ಗುಹೆ ಇದ್ದ ಹಾಗಿದೆ." ಹಾಗೆಂದವಳು ಕಣ್ಣು ಮಾತ್ರ ಕೀಳಲಿಲ್ಲ. "ನಾನು ಹೀಗಿರ್ತೀನಾ?"

"ಇದನ್ನೇ ಹಾಕ್ಬೇಕು!" ಎಂದು ಒದ್ದೆ ತಲೆಗಳು ಸುತ್ತ ನೆರೆದವು. "ಪೋಸ್ಟರ್ ಅಂಟಿಸಿದ್ದೇ ಸೋಮವಾರದಿಂದ ಕ್ಲಾಸಲ್ಲಿ ಜಾಗ ಸಾಲಲ್ಲ ನೋಡಿ."

ಅವಳು ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡಳು. ಬಂದಾಗಿನಿಂದ ಮೊದಲ ಸಲ ಅವಳು ಸುತ್ತಲೂ ಕಣ್ಣಾಡಿಸಿದಳು. ಮೇಲಿನ ಕಿಟಕಿಗಳಿಂದ ಬಿಸಿಲು ಕೋಲುಕೋಲಾಗಿ ನೀರಿಗೆ ಬೀಳುತ್ತಿತ್ತು.

"ಮುಂದಿನ ತರಗತಿಗೂ ಬರ್ಲಾ?" ಎಂದು ಕೇಳಿದಳು. "ಪೋಸ್ಟರಿಗಲ್ಲ. ಸುಮ್ನೆ."

"ಬನ್ನಿ. ಆದ್ರೆ ಇಲ್ಲಿ ಚಪ್ಪಲಿ ಹಾಕ್ಕೊಂಡು ಓಡಾಡೋ ಹಾಗಿಲ್ಲ" ಎಂದು ಸೀಟಿಯಮ್ಮ ಮತ್ತೆ ಹಳೆಯ ಗಡಸು ದನಿಗೆ ಮರಳಿದಳು.

ತರಗತಿ ಮುಗಿದು ಒಬ್ಬೊಬ್ಬರೇ ಬಟ್ಟೆ ಬದಲಿಸಲು ಹೋದರು. ಅವಳು ಕ್ಯಾಮೆರಾವನ್ನು ಒರೆಸಿ ಒಣಗಿದ ಬೆಂಚಿನ ಮೇಲಿಟ್ಟಳು. ಚಪ್ಪಲಿ ಬಿಟ್ಟು, ಸೀರೆಯ ನೆರಿಗೆಯನ್ನು ಮಂಡಿಗೆ ಎತ್ತಿಕೊಂಡು, ಅಂಚಿನಲ್ಲಿ ಕೂತು ಎರಡೂ ಕಾಲು ನೀರಿಗೆ ಬಿಟ್ಟಳು. ನೀರು ಬೆಚ್ಚಗಿತ್ತು. ಕೆಳಗೆ ಅವಳ ಪಾದಗಳು ಬಿಳುಪಾಗಿ, ದೊಡ್ಡದಾಗಿ, ಸ್ವಲ್ಪ ಸೊಟ್ಟಗೆ, ಯಾರದೋ ಪಾದಗಳ ಹಾಗೆ ಅಲುಗಾಡುತ್ತಿದ್ದವು. ಅವಳು ಕಾಲ್ಬೆರಳುಗಳನ್ನು ಬಿಡಿಸಿ ನೋಡಿದಳು.