ಹಿಡಿ ಯಾವ ಕಡೆಗೆ

ಆ ಬೀದಿಯಲ್ಲಿ ಇದ್ದ ಬಡಗಿಗಳು ಇಬ್ಬರೇ, ಅಪ್ಪ ಮತ್ತು ಮಗ. ಯಾರು ಏನು ಕೆಲಸ ಹೇಳಿದರೂ ಅಪ್ಪ "ನೋಡೋಣ" ಎನ್ನುತ್ತಿದ್ದ, ಮಗ "ಆಯ್ತು" ಎನ್ನುತ್ತಿದ್ದ. ಹಾಗಾಗಿ ಅಪ್ಪನಿಗೆ ನೋಡೋಣಪ್ಪ ಎಂದೂ ಮಗನಿಗೆ ಆಯ್ತಣ್ಣ ಎಂದೂ ಹೆಸರು ಅಂಟಿಕೊಂಡಿತು. ನಿಜವಾದ ಹೆಸರು ಕೇಳಿದರೆ ಬೀದಿಯವರು ತಲೆ ಕೆರೆದುಕೊಳ್ಳುತ್ತಿದ್ದರು.

ಆಯ್ತಣ್ಣ ಹೋಗಿ ಹತ್ತಿರ ಹತ್ತಿರ ಒಂದು ವರ್ಷ. ವಯಸ್ಸು ಮೂವತ್ತೊಂದು, ಜ್ವರ ಮೂರೇ ದಿನದ್ದು. ಆ ಮೂರು ದಿನದ ಬಗ್ಗೆ ಯಾರೂ ಮಾತಾಡುವುದಿಲ್ಲ. ಉಳಿದ ವರ್ಷಗಳ ಬಗ್ಗೆ ಶುರುಮಾಡಿದರೆ ಯಾರ ಬಾಯಿಯೂ ಮುಚ್ಚುವುದಿಲ್ಲ. ವಾರವೆಲ್ಲ ಗಿರಾಕಿಗಳ ಕೆಲಸ, ಭಾನುವಾರ ಬೀದಿಯ ಕೆಲಸ: ಶಾಲೆಯ ಕುಂಟು ಬೆಂಚು, ಯಾರದೋ ಕೂಸಿನ ತೊಟ್ಟಿಲು, ಮತ್ಯಾರದೋ ಬೆಕ್ಕು ಒಳಗೆ ಸಿಕ್ಕಿಹಾಕಿಕೊಂಡ ಬೀರು. ಸಂಜೆ ಆರಕ್ಕೆ ಮಾತ್ರ ಅವನು ತಪ್ಪದೆ ಮನೆಯಲ್ಲಿರುತ್ತಿದ್ದ. ಹೆಂಡತಿ ಆಸೆಪಟ್ಟಳೆಂದು ಅವಳಿಗೆ ಉಳಿ ಹಿಡಿಯುವುದನ್ನು ಕಲಿಸಿದ್ದೂ ಆಗಲೇ. ಈಗ ಬಡಗಿ ಕೆಲಸದ ಶೆಡ್ಡು ನಡೆಸುತ್ತಿರುವವಳು ಅವಳೇ.

"ಅವನು ಆಯ್ತು ಅಂದ ಅಂದ್ರೆ ಮುಗೀತು, ಆಗೇ ಆಗತ್ತೆ" ಎಂದು ಬೀದಿಯವರು ಈಗಲೂ ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನೋಡೋಣಪ್ಪ ಮುಖ ಆಚೆ ತಿರುಗಿಸುತ್ತಿದ್ದ. ಮಗ ಆಯ್ತು ಎಂದು ಹೇಳಿಯೂ ಮಾಡದೆ ಬಿಟ್ಟ ಕೆಲಸ ಒಂದಿತ್ತು, ಅದೂ ಹೆತ್ತ ಅಪ್ಪನದು. ಮೂರು ವರ್ಷದ ಹಿಂದೆ ಆಯ್ತಣ್ಣ ಯಾರನ್ನೂ ಕೇಳದೆ ಶೆಡ್ಡಿನ ಬಾಗಿಲನ್ನು ಬಿಚ್ಚಿ, ಬಲಗಡೆ ಇದ್ದ ಹಿಡಿಯನ್ನು ಎಡಗಡೆಗೆ ತಂದು, ಎಡಗಡೆ ಇದ್ದ ಕೀಲುಗಳನ್ನು ಬಲಗಡೆಗೆ ಹಾಕಿದ್ದ.

"ಮೂವತ್ತು ವರ್ಷದಿಂದ ಬಲಗೈಯಲ್ಲಿ ತೆಗೆದ ಬಾಗಿಲು ಕಣೋ! ಮೊದಲಿದ್ದ ಹಾಗೆ ಮಾಡು" ಎಂದು ಅಪ್ಪ ಹಾರಾಡಿದ್ದ.

"ಆಯ್ತಪ್ಪ, ಮುಂದಿನ ವಾರ" ಎಂದಿದ್ದ ಮಗ.

ಆ ಮುಂದಿನ ವಾರ ಬರಲೇ ಇಲ್ಲ. ಊರಿಗೆಲ್ಲ ಆಯ್ತು, ಅಪ್ಪನಿಗೆ ಮಾತ್ರ ಟೋಪಿ ಎಂಬ ಮುನಿಸು ನೋಡೋಣಪ್ಪನ ಹೊಟ್ಟೆಯಲ್ಲಿ ಹಾಗೇ ಉಳಿಯಿತು. ಸತ್ತ ಮಗನ ಮೇಲೆ ಮುನಿಸಿಕೊಂಡಿರುವುದು ನಾಚಿಕೆಗೇಡು ಎಂದು ಅವನಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಮುನಿಸು ಹೋಗುತ್ತದೆಯೇ?

ಶೆಡ್ಡಿನ ಬಾಗಿಲು ತಿರುಗಿದ ಸುಮಾರಿಗೇ ನೋಡೋಣಪ್ಪ ಕೆಲಸವನ್ನೂ ಬಿಟ್ಟಿದ್ದ. ಕಣ್ಣು ಮಂಜಾಗಿದೆ ಎಂದು ಎಲ್ಲರಿಗೂ ಹೇಳಿದ್ದ. ಕಣ್ಣು ಚೆನ್ನಾಗಿಯೇ ಇತ್ತು, ಎದುರುಮನೆಯ ಕ್ಯಾಲೆಂಡರಿನ ತಾರೀಖು ಕೂತಲ್ಲಿಂದಲೇ ಕಾಣುತ್ತಿತ್ತು. ನಡುಗುತ್ತಿದ್ದುದು ಬಲಗೈ. ಅದನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡು, ಯಾರಿಗೂ ಗೊತ್ತಿಲ್ಲ ಎಂದುಕೊಂಡು ನೆಮ್ಮದಿಯಾಗಿದ್ದ.

ಆಯ್ತಣ್ಣ ಕೊನೆಯದಾಗಿ ಮಾಡಿದ್ದು ಬೀದಿಯ ವಾಚನಾಲಯದ ಬಾಗಿಲು. ಹಳೆಯದನ್ನು ಗೆದ್ದಲು ತಿಂದಿತ್ತು, ಒಂದು ತಗಡನ್ನು ಅಡ್ಡ ನಿಲ್ಲಿಸಿ ಕಾಲ ತಳ್ಳುತ್ತಿದ್ದರು. ಹೊಸ ಬಾಗಿಲು ನುಣ್ಣಗೆ ತಯಾರಾಗಿ ಶೆಡ್ಡಿನ ಗೋಡೆಗೆ ಒರಗಿ ನಿಂತಿತ್ತು. ಆದರೆ ಕೀಲು ಕೂರಿಸಲು ತೋಡಿರಲಿಲ್ಲ, ಹಿಡಿಯೂ ಹಾಕಿರಲಿಲ್ಲ. ಬರುವ ಭಾನುವಾರ ಎಲ್ಲರೂ ಸೇರಿ ಆಯ್ತಣ್ಣನನ್ನು ನೆನೆದು, ಆ ಬಾಗಿಲು ಹಾಕಿಸುವುದೆಂದು ನಿರ್ಧಾರವಾಗಿತ್ತು. ಹೊರಗಿನ ಬಡಗಿಯನ್ನು ಕರೆಸೋಣವೇ ಎಂದು ಯಾರೋ ಕೇಳಿದ್ದಕ್ಕೆ ನೋಡೋಣಪ್ಪ ಹುಲಿಯಾಗಿದ್ದ.

"ನನ್ನ ಮಗನ ಕೆಲಸಕ್ಕೆ ಬೇರೆಯವನ ಉಳಿ ತಾಗಬಾರದು. ಅವನು ಹೇಗೆ ಹಾಕ್ತಿದ್ನೋ ಹಾಗೇ ಹಾಕ್ತೀವಿ."

ಗತ್ತಿನಿಂದ ಹೇಳಿಬಿಟ್ಟ. ಆದರೆ ಮಗ ಹೇಗೆ ಹಾಕುತ್ತಿದ್ದ ಎಂದು ಅವನಿಗೆ ಗೊತ್ತಿರಲಿಲ್ಲ. ಅವನ ಪ್ರಕಾರ ಹಿಡಿ ಯಾವತ್ತೂ ಬಲಕ್ಕೆ. ಮಗನ ಬಾಗಿಲುಗಳಲ್ಲಿ ಅದು ಒಂದು ಮನೆಯಲ್ಲಿ ಬಲಕ್ಕೆ, ಪಕ್ಕದ ಮನೆಯಲ್ಲಿ ಎಡಕ್ಕೆ. ಕೀಲು ಕೂರಿಸುವ ಮುಂಚೆ ಆಯ್ತಣ್ಣ ಆ ಮನೆಯವರನ್ನೆಲ್ಲ ಬಾಗಿಲ ಖಾಲಿ ಚೌಕಟ್ಟಿನಲ್ಲಿ ಒಳಗೂ ಹೊರಗೂ ನಡೆಸುತ್ತಿದ್ದ. ದೂರದಿಂದ ನೋಡಿದ್ದ ಅಪ್ಪ, "ಬಾಗಿಲು ಹಾಕೋಕೆ ಬಂದಿದೀಯೋ, ನಾಟಕ ಆಡಿಸೋಕೋ?" ಎಂದು ರೇಗಿದ್ದನೇ ಹೊರತು ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ನಿಂಗೇನಾದ್ರೂ ಹೇಳಿದ್ನಾ?" ಎಂದು ಸೊಸೆಯನ್ನು ಕೇಳಿದ.

"ಇಲ್ಲ ಮಾವ, ಆ ಕೆಲಸ ಅವರು ಗಿರಾಕಿ ಮನೇಲೇ ಮಾಡ್ತಿದ್ರು. ಅವರು ಹಾಕಿದ ಬಾಗಿಲು ಬೀದಿ ತುಂಬಾ ಇವೆಯಲ್ಲ, ಹೋಗಿ ಕೇಳಿ."

"ನೋಡೋಣ."

"ನೋಡಿದ್ದು ಸಾಕು ಮಾವ. ಇವತ್ತು ಶುಕ್ರವಾರ."

ಹೀಗೆ ನೋಡೋಣಪ್ಪ ಚಪ್ಪಲಿ ಮೆಟ್ಟಿ ಹೊರಟ. ಮೊದಲು ಸಿಕ್ಕಿದ್ದು ಬಟ್ಟೆ ಹೊಲಿಯುವಾಕೆಯ ಮನೆ. ವಿಷಯ ಕೇಳಿದ್ದೇ ತಡ, ಆಕೆ ಮೆಷಿನ್ನಿನಿಂದ ಎದ್ದು ಮಗುವನ್ನು ಎಡಸೊಂಟಕ್ಕೆ ಏರಿಸಿಕೊಂಡಳು.

"ದೊಡ್ಡಪ್ಪ, ನಿಮ್ಮ ಮಗ ನನ್ನನ್ನ ಹೀಗೆ ಮಗು ಎತ್ಕೊಂಡೇ ನಾಲ್ಕು ಸಲ ನಡೆಸಿದ್ದ. ಅಳತೆಗೆ ಮಗು ಯಾಕಪ್ಪಾ ಅಂದ್ರೆ, ಸುಮ್ನೆ ನಡೀರಕ್ಕ ಅಂತಾನೆ!" ಎಂದು ಬಲಗೈಯಿಂದ ಬಾಗಿಲು ತೆರೆದು ತೋರಿಸಿದಳು.

ಹಾಲು ಮಾರುವವನು ದೊಡ್ಡ ಕ್ಯಾನನ್ನು ಬಲಗೈಯಲ್ಲಿ ತೂಗಿಸಿಕೊಂಡು ಬಂದು ಎಡಗೈಯಿಂದ ತೆರೆದ. ಮೂಲೆಮನೆಯ ಅಜ್ಜಿಯಂತೂ ಕಾಯುತ್ತಿದ್ದವಳ ಹಾಗೆ ಬಲಗೈಯಲ್ಲಿ ಊರುಗೋಲು ಹಿಡಿದು ಎದ್ದು, ಒಳಗೂ ಹೊರಗೂ ಆರು ಸಲ ನಡೆದಳು. ಸಾಕು ಬಿಡಮ್ಮ ಎಂದರೂ ಕೇಳಲಿಲ್ಲ.

"ಅವನು ಆರು ಸಲ ಅಂದಿದ್ದ, ನಾನ್ಯಾಕೆ ಕಮ್ಮಿ ಮಾಡ್ಲಿ? ಕೊನೇಲಿ ಅವನು ಕೇಳಿದ್ದು ಒಂದೇ ಮಾತು. ಅಜ್ಜೀ, ನಿಮ್ಗೆ ಯಾವ ಕೈ ಬಿಡುವು ಅಂತ."

ಅಜ್ಜಿಯ ಬಾಗಿಲ ಹಿಡಿ ಎಡಕ್ಕಿತ್ತು. ನೋಡೋಣಪ್ಪ ಅದನ್ನೇ ನೋಡುತ್ತ ನಿಂತ. ಮನೆಯವರ ಯಾವ ಕೈಗೆ ಬಿಡುವೋ ಆ ಕಡೆಗೆ ಹಿಡಿ, ಅಷ್ಟೇ ಗುಟ್ಟು! ನಲವತ್ತು ವರ್ಷ ಬಾಗಿಲು ಮಾಡಿದ ತನಗೆ ಹೊಳೆಯದ್ದು ಮಗನಿಗೆ ಹೊಳೆದಿತ್ತು. ಹೆಮ್ಮೆಯಿಂದ ಅವನ ಎದೆ ಉಬ್ಬಿತು, ಜೊತೆಗೆ ಸ್ವಲ್ಪ ಹೊಟ್ಟೆಯೂ ಉರಿಯಿತು.

ಈಗ ಹೊಸ ತಲೆನೋವು. ವಾಚನಾಲಯ ಇಡೀ ಬೀದಿಯದು, ಯಾರ ಕೈಯ ಅಳತೆ ತೆಗೆಯುವುದು? ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದ ನಿವೃತ್ತ ಟೀಚರಮ್ಮನ ಮುಂದೆ ಹೋಗಿ ಕೂತು ಅದನ್ನೇ ಕೇಳಿದ. ಆಕೆ ಕನ್ನಡಕ ತೆಗೆದರು.

"ನಾನೂ ಅವನಿಗೆ ಅದನ್ನೇ ಕೇಳಿದ್ದೆ. ಏನಂದ ಗೊತ್ತಾ? ಕಣ್ಣು ಮಂಜು ಅಂತ ಹೇಳ್ಕೊಂಡೇ ದಿನಾ ಬೆಳಿಗ್ಗೆ ಪೇಪರ್ ಓದೋಕೆ ಎಲ್ಲರಿಗಿಂತ ಮೊದಲು ಬರೋದು ನಮ್ಮಪ್ಪ, ಅವರ ಕೈಗೇ ಮಾಡ್ತೀನಿ ಅಂದ. ಹಾಗಾದ್ರೆ ಅವರನ್ನ ಕರೆದು ನಡೆಸಪ್ಪ ಅಂದೆ. ಬೇಡ ಟೀಚರ್, ಅವರ ಅಳತೆ ಶೆಡ್ಡಿನ ಬಾಗಿಲಿಗೇ ತಗೊಂಡಿದೀನಿ, ಅವರಿಗೆ ಹೇಳ್ಬೇಡಿ, ಬೈತಾರೆ ಅಂದ."

"ಇಷ್ಟು ದಿನ ನೀವು ಹೇಳಲೇ ಇಲ್ವಲ್ಲ!"

"ಹೇಳ್ಬೇಡಿ ಅಂದಿದ್ದ. ನೀವೂ ಕೇಳಲಿಲ್ಲ, ಬರೀ ನೋಡೋಣ ನೋಡೋಣ ಅಂತಿದ್ರಿ."

ನೋಡೋಣಪ್ಪ ದಡಬಡನೆ ಎದ್ದು ಶೆಡ್ಡಿಗೆ ಬಂದ. ಬಾಗಿಲ ಎದುರು ನಿಂತ. ಬಲಗೈ ಜೇಬಿನಲ್ಲಿತ್ತು, ಎಡಗೈ ತಾನಾಗಿಯೇ ಹಿಡಿಗೆ ಹೋಯಿತು. ಮೂರು ವರ್ಷದಿಂದ ದಿನಾ ಹೀಗೆಯೇ ತೆರೆಯುತ್ತಿದ್ದ, ದಿನಾ ಬೈದುಕೊಂಡೇ ಒಳಗೆ ಹೋಗುತ್ತಿದ್ದ. ಅವನ ನಡುಗುವ ಕೈ ಮಗನ ಕಣ್ಣಿಗೆ ಎಂದೋ ಬಿದ್ದಿತ್ತು. ಬಾಯಿಬಿಟ್ಟು ಹೇಳಿದರೆ ಅಪ್ಪ ಕುಗ್ಗಿಹೋದಾನು ಎಂದು ಬಾಗಿಲನ್ನೇ ತಿರುಗಿಸಿ ಹಾಕಿ, ವರ್ಷಗಟ್ಟಲೆ ಬೈಗುಳ ತಿಂದು, ಆಯ್ತಪ್ಪ ಮುಂದಿನ ವಾರ ಎಂದು ಸುಳ್ಳು ಹೇಳುತ್ತ ಬಂದಿದ್ದ. ನೋಡೋಣಪ್ಪ ಒಳಗೆ ಹೋಗಿ, ಗೋಡೆಗೊರಗಿದ್ದ ಬಾಗಿಲ ಪಕ್ಕದಲ್ಲಿ ಕೂತು ಮನಸಾರೆ ಅತ್ತ. ಆಮೇಲೆ ಮೂಗೊರೆಸಿಕೊಂಡು, "ಕಳ್ಳ ನನ್ಮಗ" ಎಂದು ನಕ್ಕ.

ಭಾನುವಾರ ವಾಚನಾಲಯದ ಮುಂದೆ ಇಡೀ ಬೀದಿ ನೆರೆದಿತ್ತು. ನೋಡೋಣಪ್ಪ ಎಲ್ಲರೆದುರು ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದ. ಅದು ನಡುಗುತ್ತಿತ್ತು.

"ಕೆಟ್ಟಿದ್ದು ಕಣ್ಣಲ್ಲ, ಕೈ. ಗೆರೆ ನಾನು ಹೇಳ್ತೀನಿ, ನೀನು ತೋಡು ಮಗಳೇ" ಎಂದು ಸೊಸೆಯ ಕೈಗೆ ಉಳಿ ಕೊಟ್ಟ.

ಸೊಸೆ ತೋಡಿದಳು. "ಇನ್ನೊಂದು ಕೂದಲೆಳೆ, ಹಾಂ, ಸಾಕು ಸಾಕು" ಎಂದು ಮಾವ ತಲೆ ತಿಂದ. ಕೀಲುಗಳು ಬಲಕ್ಕೆ ಕೂತವು, ಹಿಡಿ ಎಡಕ್ಕೆ. ಟೀಚರಮ್ಮ ಅಂದಿನ ಪೇಪರನ್ನು ಅವನ ಬಲಗಂಕುಳಲ್ಲಿ ಸಿಕ್ಕಿಸಿದರು. ಅವನು ಎಡಗೈಯಿಂದ ತಳ್ಳಿದ. ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು.

ಆರು ಸಲ ನಡೀಬೇಕು ಎಂದು ಅಜ್ಜಿ ಹಟ ಹಿಡಿದಳು. ಅವನು ನಡೆದ. ಜನ ಒಂದು, ಎರಡು ಎಂದು ಎಣಿಸಿದರು. ಆರನೆಯ ಸಲ ಹೊರಗೆ ಬಂದಾಗ ಅಜ್ಜಿ ಊರುಗೋಲಿನಿಂದ ಅವನ ಕಾಲು ತಿವಿದಳು.

"ನಮ್ಮ ಅಡುಗೆಮನೆ ಹಲಗೆ ಜೋತುಬಿದ್ದಿದೆ. ನಿನ್ನ ಮಗ ಇದ್ದಿದ್ರೆ ಇಷ್ಟೊತ್ತಿಗೆ ಸರಿಮಾಡಿರ್ತಿದ್ದ. ನೀನೂ ನಿನ್ನ ಸೊಸೆಯೂ ಬಂದು ಮಾಡಿಕೊಡ್ತೀರಾ?"

ಬೀದಿಯವರೆಲ್ಲ "ನೋಡೋಣ" ಎಂಬ ಅವನ ಹಳೇ ಮಾತಿಗೆ ನಗಲು ಸಿದ್ಧರಾಗಿ ನಿಂತರು. ನೋಡೋಣಪ್ಪ ಸೊಸೆಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ.

"ಆಯ್ತು" ಎಂದ.

ಯಾರೂ ನಗಲಿಲ್ಲ. ಸೊಸೆ ಬಾಗಿ ಉಳಿಗಳನ್ನು ಚೀಲಕ್ಕೆ ತುಂಬಿಕೊಂಡು, "ನಡೀರಿ ಮಾವ, ಈಗಲೇ ಹೋಗಿ ಬರೋಣ" ಎಂದಳು.