ನಿಧಾನ ಮಾಡಿದ ದನಿ

ಮಗಳ ಜಡೆ ಅರ್ಧ ಹೆಣೆದಿದ್ದೆ. ರಿಬ್ಬನ್ ಅವಳ ಬಾಯಲ್ಲಿತ್ತು, ಬಾಚಣಿಗೆ ನನ್ನ ಬಾಯಲ್ಲಿ. ಆಗಲೇ ಡ್ರಮ್ಮರ್ ಫೋನ್ ಮಾಡಿದ.

"ಅಕ್ಕಾ, ಅವಳ ಹಳೇ ರೆಕಾರ್ಡಿಂಗ್ ಸೇರಿಸೋ ಮುಂಚೆ ನನಗೊಂದು ಮಾತು ಹೇಳಬಾರದಾ? ಹೆಡ್‌ಫೋನ್ ಹಾಕ್ಕೊಂಡು ಕೂತಿದ್ದೆ. ಕೈಲಿದ್ದ ಕೋಲು ಬಿದ್ದೇಹೋಯ್ತು."

ಬಾಚಣಿಗೆ ತೆಗೆದು ಕೇಳಿದೆ, "ಯಾರ ರೆಕಾರ್ಡಿಂಗೋ?"

"ಇನ್ಯಾರದು? ನಿಮ್ಮ ತಂಗೀದು. ನಿನ್ನೆ ಕಳಿಸಿದ ಗಿಟಾರ್ ಟ್ರ್ಯಾಕ್ ಹಿಂದೆ."

ಹಿಡಿದಿದ್ದ ಮೂರು ಎಳೆಗಳೂ ಕೈಯಿಂದ ಜಾರಿದವು.

ಪಾಪ್ ಹಾಡುಗಳನ್ನು ರಾಕ್ ಬ್ಯಾಂಡಿಗೆ ಹೊಂದಿಸಿ ಕೊಡುವುದು ನನ್ನ ಕೆಲಸ. ಕುಣಿಸುವ ಹಾಡೊಂದನ್ನು ಹಿಡಿದು, ಅದರ ಮಿಣುಕು ಕೀಬೋರ್ಡನ್ನೆಲ್ಲ ಸುಲಿದು, ವೇಗ ತಗ್ಗಿಸಿ, ಶ್ರುತಿ ಇಳಿಸಿ, ಗಿಟಾರು ಡ್ರಮ್ಮುಗಳ ಮೇಲೆ ಮತ್ತೆ ಎಬ್ಬಿಸಿ ನಿಲ್ಲಿಸುತ್ತೇನೆ. "ನಗ್ತಾ ಇರೋಳಿಗೆ ಕೋಪ ಬರಿಸೋ ಕಸುಬು" ಎನ್ನುತ್ತಾನೆ ಡ್ರಮ್ಮರ್. ಊಟದ ಮೇಜೇ ನನ್ನ ಸ್ಟುಡಿಯೋ. ಕುಕ್ಕರ್ ಕೂಗಿದರೆ ಕೆಲಸ ನಿಲ್ಲುತ್ತದೆ, ವಾಷಿಂಗ್ ಮಷೀನ್ ಸುಮ್ಮನಾದರೆ ಮತ್ತೆ ಶುರು.

ಈ ಬ್ಯಾಂಡಿಗೆ ಮೊದಲು ಹಾಡುತ್ತಿದ್ದವಳು ನನ್ನ ತಂಗಿ. ಅವಳಿಗೊಂದು ಅಭ್ಯಾಸವಿತ್ತು. ಯಾವ ಹಾಡು ಕೊಟ್ಟರೂ ಅದರ ಕೆಳಗೆ, ಮೂಲದಲ್ಲಿ ಇಲ್ಲದ ಇನ್ನೊಂದು ರಾಗ ಗುನುಗುತ್ತಿದ್ದಳು. ಸಾಲಿನ ಕೊನೆಗೆ ಕಾಲು ಮೆಟ್ಟಿಲು ತಪ್ಪಿದ ಹಾಗೆ ದನಿ ಒಂದು ಸ್ವರ ಜಾರಿ ನಿಲ್ಲುತ್ತಿತ್ತು. ಮಗು ಹೆತ್ತ ಹನ್ನೊಂದನೇ ದಿನ ಅವಳು ತೀರಿಕೊಂಡಳು. ಆ ಮಗುವೇ ಇವಳು. ಎಂಟು ವರ್ಷದಿಂದ ನನ್ನನ್ನು ಅಮ್ಮ ಅನ್ನುತ್ತಾಳೆ. ಪ್ರತಿ ಹುಟ್ಟುಹಬ್ಬಕ್ಕೂ ನಾನೂ ನನ್ನ ಗಂಡನೂ ಈ ಸಲ ಹೇಳಿಬಿಡೋಣ ಅಂದುಕೊಳ್ಳುತ್ತೇವೆ. ಬಾಯಲ್ಲಿಟ್ಟ ಬಿಸಿತುಪ್ಪ ಅದು. ಹೇಳಿದ ಮರುದಿನ ಅವಳು ನನ್ನನ್ನು ಏನಂತ ಕರೆದಾಳು ಎಂಬ ಒಂದೇ ಹೆದರಿಕೆ ನನಗೆ.

ಡ್ರಮ್ಮರ್ ಹೇಳಿದ್ದು ಆಗುವ ಮಾತಲ್ಲ. ತಂಗಿಯ ಹಾಡುಗಳಿದ್ದ ಕಂಪ್ಯೂಟರ್ ಅವಳು ಹೋದ ವರ್ಷವೇ ಸುಟ್ಟುಹೋಗಿತ್ತು. ಅವಳದೊಂದು ಕೆಮ್ಮು ಕೂಡ ನಮ್ಮಲ್ಲಿ ಉಳಿದಿಲ್ಲ.

"ಯಾರಮ್ಮ, ಡಬಡಬ ಮಾಮನಾ?"

"ಹೂಂ. ಇನ್ನೊಂದು ರಿಬ್ಬನ್ ಹುಡುಕ್ಕೊಂಡು ಬಾ, ಹೋಗು."

ಅವಳು ಒಳಕೋಣೆಗೆ ಹೋದದ್ದೇ ಹೆಡ್‌ಫೋನ್ ಹಾಕಿಕೊಂಡೆ. ಎಲ್ಲ ವಾದ್ಯಗಳನ್ನೂ ಮುಚ್ಚಿ ಗಿಟಾರ್ ಒಂದನ್ನೇ ಉಳಿಸಿದೆ. ಮೊದಲ ಸಾಲು ಬರೀ ತಂತಿ. ಎರಡನೆಯದರಲ್ಲಿ, ಪಕ್ಕದ ಕೋಣೆಯಲ್ಲಿ ಬೆನ್ನು ತಿರುಗಿಸಿ ನಿಂತು ಯಾರೋ ಗುನುಗುವ ಹಾಗೆ, ಹೆಣ್ಣುದನಿ. ಅದೇ ಕೆಳಗಿನ ರಾಗ. ಸಾಲು ಮುಗಿಯುವಲ್ಲಿ ಅದೇ ಜಾರು.

ಹೆಡ್‌ಫೋನ್ ಕಿತ್ತೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಅಷ್ಟೇ. ಮತ್ತೆ ಹಾಕಿದೆ. ಇದ್ದಳು.

"ಪುಟ್ಟೀ" ಅಂದುಬಿಟ್ಟೆ. ತಂಗಿಯನ್ನು ಹಾಗೆ ಕರೆದು ಎಂಟು ವರ್ಷವಾಗಿತ್ತು.

ಆಮೇಲೆ ಕಸುಬಿನ ಬುದ್ಧಿ ಎಚ್ಚರವಾಯಿತು. ವೇಗ ತಗ್ಗಿಸಿದ ಮೇಲೆ ಗಿಟಾರನ್ನು ಹೊಸದಾಗಿ ನುಡಿಸುವುದು ಕ್ರಮ. ಮೊನ್ನೆ ಒಗೆದ ಬಟ್ಟೆ ಬಕೆಟ್ಟಿನಲ್ಲೇ ಕೂತಿತ್ತು, ಮೋಡ ಬೇರೆ ಕವಿದಿತ್ತು. ಸೋಮಾರಿತನ ಮಾಡಿ, ಮೂಲದ ವೇಗದಲ್ಲೇ ಒಮ್ಮೆ ನುಡಿಸಿ, ಆ ರೆಕಾರ್ಡಿಂಗನ್ನೇ ಹಳೇ ಟೇಪಿನ ಹಾಗೆ ಎಳೆದು ನಿಧಾನ ಮಾಡಿದ್ದೆ. ಹಾಗೆ ಎಳೆದರೆ ದನಿಗೆ ವಯಸ್ಸಾಗುತ್ತದೆ. ಗಂಡಸಿನದು ರಾಕ್ಷಸನದಾಗುತ್ತದೆ, ಮಗುವಿನದು ಹೆಂಗಸಿನದು. ಅವತ್ತು ಮೈಕ್ ತೆರೆದೇ ಇತ್ತು. ಮೇಜಿನ ಕೆಳಗೆ ಮಗಳು ಚಿತ್ರ ಬರೆಯುತ್ತಿದ್ದಳು.

ಮೊದಲಿನ ವೇಗಕ್ಕೆ ತಿರುಗಿಸಿದೆ. ದನಿ ತೆಳ್ಳಗಾಗಿ, ಮೇಲೇರಿ, ನನ್ನ ಮಗಳದಾಯಿತು. ಹಗ್ಗ ನೋಡಿ ಹಾವೆಂದು ಬೆಚ್ಚಿದೆನಲ್ಲ ಎಂದು ನಗು ಬಂತು.

ನಗು ಅರ್ಧಕ್ಕೇ ನಿಂತಿತು. ದನಿ ಮಗಳದು, ಸರಿ. ರಾಗ? ಆ ಜಾರು? ತಂಗಿ ಹೋದ ಮೇಲೆ ಈ ಮನೆಯಲ್ಲಿ ಅದನ್ನು ಯಾರೂ ಹಾಡಿಲ್ಲ. ನನಗಂತೂ ಬಾರದು.

ಅಳಿಸಿಬಿಡುವುದೇ ವಾಸಿ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಡ್ರಮ್ಮರ್‌ಗೆ ಏನೋ ಒಂದು ಹೇಳಿದರಾಯಿತು. ಬೆರಳು ಗುಂಡಿಯ ಮೇಲಿಟ್ಟೆ. ಒತ್ತುವ ಮುಂಚೆ ಇನ್ನೊಂದೇ ಸಲ ಕೇಳೋಣ ಎನಿಸಿ ಮತ್ತೆ ನಿಧಾನ ಮಾಡಿದೆ. ಕುರ್ಚಿ ಹಿಂದಕ್ಕೆ ಸರಿಸಿದಾಗ ಹೆಡ್‌ಫೋನಿನ ವೈರು ಕಿತ್ತುಬಂದದ್ದು ಗೊತ್ತಾಗಲಿಲ್ಲ. ದನಿ ಸ್ಪೀಕರಿನಿಂದ ಕೋಣೆಗೆ ಬಂತು.

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ತುಟಿ ಆ ದನಿಯ ಜೊತೆಜೊತೆಗೇ ಆಡುತ್ತಿತ್ತು.

"ಅದು ನಾನೇ ಅಲ್ವಾ?"

"ನೀನೇ ಕಂದಾ. ನಿಧಾನ ಮಾಡಿದೀನಿ ಅಷ್ಟೇ. ದೊಡ್ಡೋಳಾದ ಹಾಗೆ ಕೇಳುತ್ತೆ." ಹೆಡ್‌ಫೋನ್ ತೆಗೆದಿಟ್ಟೆ. "ಈ ರಾಗ ಯಾರು ಹೇಳ್ಕೊಟ್ರು ನಿಂಗೆ?"

"ಯಾರೂ ಇಲ್ಲ. ಹಾಡಿನ ಕೆಳಗಡೆ ಅದೂ ಇರುತ್ತಲ್ಲ. ನಿನಗೆ ಕೇಳಲ್ವಾ?"

ತೋಳುಗಳ ಮೇಲೆ ಕೂದಲು ಎದ್ದು ನಿಂತವು. ದನಿ ನಿಲ್ಲಿಸಿದೆ.

"ಈಗ ನಿಂದು ಹಾಕು" ಎಂದಳು.

ಬ್ಯಾಂಡಿನವರಿಗೆ ದಾರಿ ತೋರಿಸಲು ನಾನು ಹಾಡಿಟ್ಟ ಕಚ್ಚಾ ಟ್ರ್ಯಾಕ್ ಇತ್ತು. ಹಾಕಿದೆ. ತಲೆ ಓರೆ ಮಾಡಿ ಕೇಳಿದಳು. ಮತ್ತೆ ಅದು ಹಾಕು ಎಂದಳು. ಮತ್ತೆ ಇದು. ಎರಡು ಪೆನ್ಸಿಲ್ ಪಕ್ಕಪಕ್ಕ ಹಿಡಿದು ಯಾವುದು ಉದ್ದ ಎಂದು ನೋಡುವ ಹಾಗಿತ್ತು. "ದೊಡ್ಡೋಳಾದ್ರೂ ನನ್ನ ದನಿ ನಿನ್ನ ಥರ ಇಲ್ಲ" ಎಂದಳು. ಕನ್ನಡಿಯಲ್ಲಿ ನನ್ನ ಮೂಗಿನ ಪಕ್ಕ ತನ್ನ ಮೂಗು ಇಟ್ಟು ನೋಡಿದ್ದಳು ಒಮ್ಮೆ. ಆಲ್ಬಮ್ಮಿನಲ್ಲಿ ನಾನು ಹೊಟ್ಟೆ ಹೊತ್ತ ಫೋಟೋ ಹುಡುಕಿ, ಸಿಗದೆ, ಸುಮ್ಮನೆ ಮುಚ್ಚಿಟ್ಟಿದ್ದಳು ಇನ್ನೊಮ್ಮೆ. ಆ ಎರಡು ಸಲವೂ ಅವಳ ಗಂಟಲವರೆಗೆ ಬಂದ ಪ್ರಶ್ನೆಯನ್ನು, ತಿನ್ನಲು ಏನಾದರೂ ಕೊಟ್ಟು ಒಳಕ್ಕೆ ಇಳಿಸಿದವಳು ನಾನೇ.

ಈಗ ನನ್ನ ಕೈ ಖಾಲಿ ಇತ್ತು.

ಅವಳು ಹತ್ತಿರ ಬಂದು ನನ್ನ ತೊಡೆಗೆ ಒರಗಿದಳು. ಸ್ಪೀಕರಿನಲ್ಲಿ ಹೆಂಗಸಿನ ದನಿ ಸಾಲಿನ ಕೊನೆಗೆ ಬಂದು, ಜಾರಿ, ನಿಂತಿತು. ಮಗಳು ಸ್ಪೀಕರಿನ ಬಲೆಯ ಮೇಲೆ ಅಂಗೈ ಇಟ್ಟಳು.

"ಅಮ್ಮಾ, ನಾನು ಇವರ ಹೊಟ್ಟೇಲಿದ್ನಾ?"